ನೇಗಿಲು, ಹಳದಿ ವಿಮಾನ ಮತ್ತು ಡೀಕನ್ ಬ್ಲಾಕ್

1944ರ ವಸಂತ. ಕೆನಡಾದ ಸಸ್ಕಾಚೆವಾನ್ ಪ್ರಾಂತ್ಯದ ಉತ್ತರ ಭಾಗ, ವಾಪಿಟಿ ಅನ್ನೋ ಊರು. ಥಾಮ್ ವೀನ್ಸ್ ಅನ್ನೋ ಹುಡುಗ ಕುದುರೆ ಹೂಡಿಕೊಂಡು ಹೊಲ ಉಳ್ತಾ ಇದ್ದಾನೆ. ಹಳದಿ ಬಣ್ಣದ ತರಬೇತಿ ವಿಮಾನಗಳು ತೀರಾ ಕೆಳಗೆ ಹಾರಿಕೊಂಡು ಬಂದು ಅವನ ತಲೆ ಮೇಲೆ ಹಾದು ಹೋಗ್ತವೆ. ಯುರೋಪಿನಲ್ಲಿ ಬಾಂಬ್ ಹಾಕೋಕೆ ಹೋಗುವ ಹುಡುಗರು ಆಗ ವಿಮಾನ ಹಾರಿಸೋದು ಕಲೀತಿದ್ದಿದ್ದು ಈ ಬಯಲುಗಳ ಮೇಲೆಯೇ. ಥಾಮ್‌ಗೆ ಸಿಟ್ಟು ಬರುತ್ತೆ. ಅವನು ಮೆನೊನೈಟ್. ಅವನ ಜನ ನಾನೂರು ವರ್ಷದಿಂದ ಆಯುಧ ಮುಟ್ಟಿಲ್ಲ. ಅವನ ವಯಸ್ಸಿನವರೇ ಬೇರೆ ಕಡೆ ಸಾಯ್ತಿರುವಾಗ ಇವನು ಇಲ್ಲಿ ಸಾಲು ಹೊಡೀತಿದ್ದಾನೆ. ಸಿಟ್ಟು ವಿಮಾನದ ಮೇಲೋ, ತನ್ನ ಮೇಲೋ ಅಂತ ಅವನಿಗೇ ಸರಿಯಾಗಿ ಗೊತ್ತಾಗಲ್ಲ.

ರೂಡಿ ವೀಬ್ ಬರೆದ ‘ಪೀಸ್ ಶಲ್ ಡಿಸ್ಟ್ರಾಯ್ ಮೆನಿ’ ಕಾದಂಬರಿಯ ಮೊದಲ ಅಧ್ಯಾಯ ಇದು. ಪುಸ್ತಕ ಬಂದಿದ್ದು 1962ರಲ್ಲಿ. ನಾನು ಓದಿದ್ದು ಮೂರು ವರ್ಷದ ಹಿಂದೆ, ಪ್ರಾಜೆಕ್ಟ್ ಕೆಲಸಕ್ಕೆ ಅಂತ ಆರು ವಾರ ವಿನಿಪೆಗ್‌ನಲ್ಲಿ ಇದ್ದಾಗ. ಒಂದು ಭಾನುವಾರ ಅಲ್ಲಿನ ಸಹೋದ್ಯೋಗಿಯೊಬ್ಬರು ಒಂದು ಗಂಟೆ ದಾರಿಯ ಸ್ಟೈನ್‌ಬಾಕ್ ಊರಿಗೆ ಕರಕೊಂಡು ಹೋದರು. ಅಲ್ಲಿ ಹಳೇ ಮೆನೊನೈಟ್ ಹಳ್ಳಿಯೊಂದನ್ನ ಮ್ಯೂಸಿಯಂ ಥರ ಕಟ್ಟಿ ಇಟ್ಟಿದ್ದಾರೆ. ಗಾಳಿಗಿರಣಿ ಇದೆ. ಮನೆ ಮತ್ತು ಕೊಟ್ಟಿಗೆ ಒಂದೇ ಸೂರಿನಡಿ ಇರೋ ಉದ್ದನೆ ಕಟ್ಟಡ ಇದೆ. ಅಡುಗೆಮನೆ ಕಡೆಯಿಂದ ಹೊರಟರೆ ಹಿಮಕ್ಕೆ ಕಾಲಿಡದೆ ಹಸುವಿನ ಹತ್ತಿರ ಹೋಗಬಹುದು. ಎಲ್ಲರೂ ಫೋಟೋ ತೆಗೀತಿದ್ದರು. ನನಗೆ ಮಾತ್ರ ಅದು ವಿಚಿತ್ರ ಅನ್ನಿಸಲೇ ಇಲ್ಲ. ನಮ್ಮಜ್ಜನ ಕಾಲದ ಮನೆಯಲ್ಲಿ ಬಾಗಿಲು ದಾಟಿದ ಕೂಡಲೇ ದನ ಕಟ್ಟೋ ಜಾಗ, ಮನುಷ್ಯರ ಜಾಗ ಆಮೇಲೆ. ಇದನ್ನ ಹೇಳಿದ್ದಕ್ಕೆ ಖುಷಿಯಾಗಿ ಅವರು ಈ ಪುಸ್ತಕ ಕೊಟ್ಟರು. ಅವರ ಅಜ್ಜಿಯ ಮನೆಯಲ್ಲಿ ಇದು ಇತ್ತಂತೆ, ಆದರೆ ನೆಂಟರ ಕಣ್ಣಿಗೆ ಬೀಳೋ ಜಾಗದಲ್ಲಿ ಇಡ್ತಿರಲಿಲ್ಲವಂತೆ.

ಮೆನೊನೈಟರು ಅಂದರೆ ಯಾರು ಅಂತ ನಾಲ್ಕು ಸಾಲು ಹೇಳದಿದ್ದರೆ ಮುಂದಿನದು ತಲೆಗೆ ಹೋಗಲ್ಲ. ಹದಿನಾರನೇ ಶತಮಾನದಲ್ಲಿ ಯುರೋಪಿನಲ್ಲಿ ಚರ್ಚು ಒಡೆದಾಗ, ಮಗುವಿಗೆ ದೀಕ್ಷಾಸ್ನಾನ ಬೇಡ, ಬುದ್ಧಿ ಬಂದ ಮೇಲೆ ತಾನಾಗಿ ಒಪ್ಪಿ ತಗೊಳ್ಳಲಿ ಅಂದವರಿದ್ದರು. ಆಯುಧ ಹಿಡಿಯಲ್ಲ, ಆಣೆ ಇಡಲ್ಲ ಅಂತಲೂ ಅಂದರು. ಅವರಲ್ಲಿ ಮೆನ್ನೊ ಸಿಮೊನ್ಸ್ ಅನ್ನೋ ಡಚ್ ಪಾದ್ರಿಯ ಹಿಂದೆ ಹೋದವರು ಇವರು. ಹೊಡೆತ ತಿಂದು ಪೋಲೆಂಡಿನ ವಿಸ್ಟುಲಾ ನದಿಯ ಜೌಗು ನೆಲಕ್ಕೆ ಹೋದರು, ಅಲ್ಲಿಂದ ಈಗಿನ ಉಕ್ರೇನಿಗೆ. ರಷ್ಯಾದ ಚಕ್ರವರ್ತಿ ಎಲ್ಲರೂ ಸೈನ್ಯಕ್ಕೆ ಬರಬೇಕು ಅಂತ ಕಾನೂನು ತಂದಾಗ, 1874ರಿಂದ ಸುಮಾರು ಏಳು ಸಾವಿರ ಜನ ಕೆನಡಾದ ಮ್ಯಾನಿಟೋಬಾಕ್ಕೆ ಬಂದರು. ಸೈನ್ಯಕ್ಕೆ ಕರೆಯಲ್ಲ ಅಂತ ಕೆನಡಾ ಸರ್ಕಾರ ಹಿಂದಿನ ವರ್ಷವೇ ಬರೆದುಕೊಟ್ಟಿತ್ತು. ರಷ್ಯಾದಲ್ಲಿ ಉಳಿದವರು ಕ್ರಾಂತಿ, ಲೂಟಿ, ಬರ ಎಲ್ಲಾ ನೋಡಿದರು. 1920ರ ದಶಕದಲ್ಲಿ ಇನ್ನೂ ಇಪ್ಪತ್ತು ಸಾವಿರದಷ್ಟು ಜನ ಬಂದರು, ಹೆಚ್ಚಿನವರು ಕೆನಡಾದ ರೈಲ್ವೆ ಕಂಪನಿ ಕೊಟ್ಟ ಸಾಲದ ಟಿಕೆಟ್ಟಿನಲ್ಲಿ. ಆ ಸಾಲ ಪೂರ್ತಿ ತೀರಿದ್ದು 1946ಕ್ಕೆ. ಗೋಧಿ ಬೆಳೆದು, ಹಾಲು ಮಾರಿ, ಒಂದೊಂದೇ ಡಾಲರ್ ಸೇರಿಸಿ ತೀರಿಸಿದರು. ವೀಬ್ ಅವರ ಅಪ್ಪ ಅಮ್ಮ 1929ರ ಕೊನೆಯಲ್ಲಿ, ಬಾಗಿಲು ಮುಚ್ಚೋ ಹೊತ್ತಿಗೆ ಮಾಸ್ಕೋ ಮೂಲಕ ತಪ್ಪಿಸಿಕೊಂಡು ಬಂದವರು.

ಪ್ರೇರಿ ಅಂದ ಕೂಡಲೇ ನಮಗೆ ಕಣ್ಮುಂದೆ ಬರೋದು ವಿಂಡೋಸ್ ವಾಲ್‌ಪೇಪರ್ ಥರದ ಹಸಿರು. ಕಾದಂಬರಿಯ ಊರು ಹಾಗಿಲ್ಲ. ಒಳ್ಳೆ ಬಯಲೆಲ್ಲಾ ಮೊದಲು ಬಂದವರ ಪಾಲಾಗಿತ್ತು. ಕೊನೆಗೆ ಬಂದವರಿಗೆ ಸಿಕ್ಕಿದ್ದು ಕಾಡಿನ ಅಂಚು. ಹತ್ತು ಡಾಲರ್ ಕಟ್ಟಿದರೆ 160 ಎಕರೆ ಅನ್ನೋದು ಹಳೇ ಕಾನೂನು. ಇದನ್ನ ಫೋನಲ್ಲಿ ಹೇಳಿದಾಗ ಅಪ್ಪ ಒಂದು ನಿಮಿಷ ಸುಮ್ಮನಿದ್ದು, "ನೀರೈತಾ?" ಅಂದ್ರು. ನೀರಿದೆ, ಕಲ್ಲೂ ಇದೆ. ಮರ ಕಡಿದು, ಬೇರು ಕಿತ್ತು, ಕಲ್ಲು ಆಯ್ದು ಹೊಲ ಮಾಡಬೇಕು. ಪ್ರತಿ ವಸಂತಕ್ಕೂ ಹಿಮ ಕರಗಿದ ನೆಲ ಹೊಸ ಕಲ್ಲು ಮೇಲೆ ದೂಡುತ್ತೆ. ಬಿತ್ತನೆಯಿಂದ ಮೊದಲ ಇಬ್ಬನಿ-ಹೆಪ್ಪಿನವರೆಗೆ ನೂರು ದಿನ ಸಿಕ್ಕರೆ ಪುಣ್ಯ. ಆಗಸ್ಟಿನಲ್ಲಿ ಒಂದು ರಾತ್ರಿ ಚಳಿ ಜಾಸ್ತಿಯಾದರೆ ಕಾಳು ಜೊಳ್ಳು.

ಈ ಕೆಲಸವನ್ನ ವೀಬ್ ಬರೆಯೋ ರೀತಿ ನೋಡಿ ನಾನು ಬೆರಗಾದೆ. ಅವರು ಹುಟ್ಟಿದ್ದೇ ಅಂಥ ಊರಲ್ಲಿ, 1934ರಲ್ಲಿ, ಸ್ಪೀಡ್‌ವೆಲ್ ಅನ್ನೋ ಕಡೆ. ಉಳುಮೆ, ಹುಲ್ಲು ಕೊಯ್ಲು, ಒಕ್ಕಣೆ, ಹಿಮದಲ್ಲಿ ಜಾರುಗಾಡಿ. ವಸಂತ, ಬೇಸಿಗೆ, ಮಾಗಿ, ಚಳಿ ಅಂತ ನಾಲ್ಕು ಭಾಗ ಮಾಡಿ ಒಂದು ವರ್ಷದ ಕಥೆ ಹೇಳ್ತಾರೆ. ಊರಿಂದ ಬಂದು ಪಟ್ಟಣದಲ್ಲಿ ಕೂತು ಊರಿನ ಬಗ್ಗೆ ಬರೆಯೋ ನಮ್ಮಂಥವರಿಗೆ ಒಂದು ಚಟ ಇದೆ, ನೇಗಿಲು ಕಂಡ ಕೂಡಲೇ ಕಣ್ಣು ತುಂಬಿಕೊಳ್ಳೋದು. ಹತ್ತನೇ ಕ್ಲಾಸಿನ ರಜೆಯಲ್ಲಿ ನಾನು ಮೇಳಿ ಹಿಡಿದಿದ್ದು ಒಂದು ತಿಂಗಳು, ಅದರ ಬಗ್ಗೆ ಬರೆದಿರೋದು ನಾಲ್ಕು ಸಲ! ವೀಬ್ ಪುಸ್ತಕದಲ್ಲಿ ಆ ಕಣ್ಣೀರಿಲ್ಲ. ಕೆಲಸದಲ್ಲಿ ಇರುವವನಿಗೆ ಅದಕ್ಕೆಲ್ಲಾ ಪುರುಸೊತ್ತಿಲ್ಲ. ಥಾಮ್ ಉಳುವಾಗ ಯೋಚನೆ ಮಾಡ್ತಾನೆ, ಸಾಲು ತಿರುಗಿಸೋ ಹೊತ್ತಿಗೆ ಯೋಚನೆ ತುಂಡಾಗುತ್ತೆ, ಮತ್ತೆ ಶುರುವಾಗುತ್ತೆ. ಉತ್ತವರ ತಲೆ ಓಡೋದು ಹಾಗೇ.

ಆ ಯೋಚನೆಯಲ್ಲೇ ಪುಸ್ತಕದ ಮುಳ್ಳಿದೆ. ಯುದ್ಧಕ್ಕೆ ಹೋಗಲ್ಲ ಅಂದವರನ್ನ ಕೆನಡಾ ಸರ್ಕಾರ ಕಾಡಿನ ಕ್ಯಾಂಪುಗಳಿಗೆ ಕಳಿಸ್ತಿತ್ತು, ದಿನಕ್ಕೆ ಐವತ್ತು ಸೆಂಟ್ ಕೂಲಿಗೆ ಮರ ನೆಡೋದು, ರಸ್ತೆ ಮಾಡೋದು. ರೈತರ ಮಕ್ಕಳು ಎಷ್ಟೋ ಜನ ಹೊಲದಲ್ಲೇ ಉಳಿದರು, ದೇಶಕ್ಕೆ ಅನ್ನ ಬೇಕಲ್ಲ. ಆದರೆ ಆ ಅನ್ನ ಎಲ್ಲಿಗೆ ಹೋಗುತ್ತೆ? ಯುದ್ಧದಿಂದ ಬೆಲೆ ಏರಿದೆ, ಕೆನಡಾದ ಗೋಧಿ, ಹಂದಿಮಾಂಸ ಹಡಗು ಹತ್ತಿ ಇಂಗ್ಲೆಂಡಿಗೆ ಹೋಗ್ತಿದೆ. ಬಂದೂಕು ಹಿಡಿಯಲ್ಲ ಅನ್ನೋ ರೈತ ಬಂದೂಕು ಹಿಡಿದವನ ಹೊಟ್ಟೆ ತುಂಬಿಸಿ, ಅದೇ ದುಡ್ಡಲ್ಲಿ ಹೊಲ ಕೊಳ್ತಿದ್ದಾನೆ. ಈ ಪ್ರಶ್ನೆಯನ್ನ ಊರಿನ ಮೇಷ್ಟ್ರು ಜೋಸೆಫ್ ಡ್ಯೂಕ್ ಎತ್ತುತ್ತಾನೆ. ಅವನೂ ಮೆನೊನೈಟೇ. ಕೊನೆಗೆ ಊರು ಬಿಟ್ಟು ಸೈನ್ಯದ ವೈದ್ಯಕೀಯ ದಳ ಸೇರ್ತಾನೆ. ಥಾಮ್ ಊರಲ್ಲೇ ಉಳೀತಾನೆ, ಪ್ರಶ್ನೆ ಅವನ ಹತ್ತಿರವೇ ಉಳಿಯುತ್ತೆ.

ಇದನ್ನ ಓದಿದ ಮಾರನೇ ದಿನ ಆಫೀಸಿನಲ್ಲಿ ಕೂತು, ನಾನು ಬರೀತಿರೋ ಗೋದಾಮು ಸಾಫ್ಟ್‌ವೇರನ್ನ ನಮ್ಮ ಕ್ಲೈಂಟಿನಿಂದ ಕೊಳ್ಳೋರು ಯಾರು ಅಂತ ಮೊದಲ ಸಲ ಯೋಚಿಸಿದೆ. ಕೇಳಲಿಲ್ಲ. ಸ್ಟ್ಯಾಂಡಪ್ ಮೀಟಿಂಗು ಹದಿನೈದೇ ನಿಮಿಷ.

ಈಗ ಡೀಕನ್ ಬ್ಲಾಕ್‌ಗೆ ಬರೋಣ. ಈ ಪುಸ್ತಕ ಅರವತ್ತು ವರ್ಷ ಬದುಕಿದೆ ಅಂದ್ರೆ ಅದಕ್ಕೆ ಕಾರಣ ಈ ಮನುಷ್ಯ. ಪೀಟರ್ ಬ್ಲಾಕ್ ಚರ್ಚಿನ ಹಿರಿಯ, ಊರಿನ ದೊಡ್ಡ ರೈತ. ನಮ್ಮ ಕಡೆ ಭಾಷೆಯಲ್ಲಿ ಹೇಳೋದಾದರೆ ಊರ ಗೌಡ. ಕಥೆಯಲ್ಲಿ ಇಂಥವನು ಬಂದ ಕೂಡಲೇ ನಮಗೆ ಒಬ್ಬ ಖಳನಾಯಕ ಸಿಕ್ಕಿದ ಅಂತ ಸಮಾಧಾನ ಆಗುತ್ತೆ. ವೀಬ್ ಆ ಸಮಾಧಾನ ಕೊಡಲ್ಲ. ಬ್ಲಾಕ್ ಕುಡಿಯಲ್ಲ, ಸುಳ್ಳು ಲೆಕ್ಕ ಬರೆಯಲ್ಲ. ಎಲ್ಲರಿಗಿಂತ ಹೆಚ್ಚು ದುಡೀತಾನೆ. ದಿಕ್ಕಿಲ್ಲದೆ ಬಂದ ಜನಕ್ಕೆ ಒಂದು ಊರು ಅಂತ ಕಟ್ಟಿಕೊಟ್ಟವನೇ ಅವನು. ರಷ್ಯಾದ ಹಸಿವಿನ ಕಾಲದಲ್ಲಿ ಅವನ ಕೈಯಿಂದ ಒಂದು ಕೊಲೆ ಆಗಿದೆ. ಆ ಗುಟ್ಟು ಒಳಗಿಟ್ಟುಕೊಂಡು, ನನ್ನ ಮಕ್ಕಳಿಗೆ ಅಂಥ ದಿನ ಬರಬಾರದು ಅಂತ ಹೊರಗಿನ ಪ್ರಪಂಚಕ್ಕೂ ಊರಿಗೂ ನಡುವೆ ಬೇಲಿ ಹಾಕ್ತಾ ಹೋಗ್ತಾನೆ.

ನಮ್ಮ ಕಂಪನಿಗಳಲ್ಲಿ ಹದಿನೈದು ವರ್ಷ ಹಳೇ ಕೋಡ್ ಇರುತ್ತಲ್ಲ, ಮೇಲೆ ಯಾರೋ ‘ಇದನ್ನ ಮುಟ್ಟಬೇಡಿ’ ಅಂತ ಬರೆದು ಹೋಗಿರ್ತಾರೆ. ಯಾಕೆ ಅಂತ ಯಾರಿಗೂ ಗೊತ್ತಿಲ್ಲ, ಮುಟ್ಟಿದವರೂ ಇಲ್ಲ. ವಾಪಿಟಿಯ ಕಟ್ಟುಪಾಡೆಲ್ಲಾ ಆ ಥರದ್ದು. ವ್ಯತ್ಯಾಸ ಏನಂದ್ರೆ, ಅಲ್ಲಿ ಆ ಸಾಲು ಬರೆದವನಿಗೆ ಯಾಕೆ ಬರೆದೆ ಅಂತ ಚೆನ್ನಾಗಿ ಗೊತ್ತು. ಹೇಳೋಕೆ ಮಾತ್ರ ಆಗಲ್ಲ.

ಆ ಬೇಲಿಯ ಆಚೆ ಇರುವವರು ಮೇಟೀ ಜನ. ಯುರೋಪಿನ ತುಪ್ಪಳ ವ್ಯಾಪಾರಿಗಳಿಗೂ ಮೂಲನಿವಾಸಿ ಹೆಂಗಸರಿಗೂ ಹುಟ್ಟಿದವರಿಂದ ಬೆಳೆದ ಸಮುದಾಯ ಅದು. ಮೆನೊನೈಟರು ಬರೋಕೆ ಎಷ್ಟೋ ಮುಂಚಿನಿಂದ ಆ ನೆಲದಲ್ಲಿ ಓಡಾಡಿಕೊಂಡಿದ್ದವರು. ಬ್ಲಾಕ್ ಅವರ ಮೇಲೆ ಕೈ ಮಾಡಲ್ಲ, ಅವನು ಶಾಂತಿಯ ಮನುಷ್ಯ. ದುಡ್ಡು ಕೊಟ್ಟು ಅವರ ಹೊಲ ಕೊಂಡು ಕಳಿಸ್ತಾನೆ. ಒಂದು ಮನೆ, ಆಮೇಲೆ ಇನ್ನೊಂದು. ಎಲ್ಲಾ ಕಾಗದ ಪತ್ರ ಸರಿಯಾಗೇ ಇದೆ. ನೆಲದಿಂದ ಸಿಕ್ಕ ಕಾಡೆಮ್ಮೆಯ ಹಳೇ ತಲೆಬುರುಡೆಯೊಂದನ್ನ ನೋಡಿ ಥಾಮ್‌ಗೆ ಹೊಳೆಯುತ್ತೆ, ನಾವು ಬಂದ ದಿನದಿಂದ ಈ ನೆಲದ ಚರಿತ್ರೆ ಶುರುವಾಗಲಿಲ್ಲ ಅಂತ. ಪುಸ್ತಕದಲ್ಲಿ ನನಗೆ ತುಂಬಾ ಇಷ್ಟವಾದ ಜಾಗಗಳಲ್ಲಿ ಇದೊಂದು. ಮುಂದೆ ವೀಬ್ ಕ್ರೀ ಜನರ ನಾಯಕ ಬಿಗ್ ಬೇರ್ ಬಗ್ಗೆ 1973ರಲ್ಲಿ ಬರೆದ ದೊಡ್ಡ ಕಾದಂಬರಿಯ ಬೀಜ ಇಲ್ಲೇ ಬಿದ್ದಿರಬೇಕು ಅನ್ನಿಸುತ್ತೆ.

ನಮ್ಮ ದೇಶವೂ ಈ ಪುಸ್ತಕದಲ್ಲಿ ಸುಳಿದು ಹೋಗುತ್ತೆ. ಥಾಮ್‌ನ ಅಣ್ಣ ಇಂಡಿಯಾದಲ್ಲಿ ಮಿಷನರಿ. ಇದು ಲೇಖಕರ ಕಲ್ಪನೆ ಅಂತ ಬಿಡೋ ಹಾಗಿಲ್ಲ. ಮೆನೊನೈಟ್ ಬ್ರದರನ್ ಚರ್ಚಿನವರು ಆಗಿನ ಹೈದರಾಬಾದ್ ಸಂಸ್ಥಾನದ ಮಹಬೂಬ್‌ನಗರದ ಕಡೆ, ಅಂದರೆ ನಮ್ಮ ರಾಯಚೂರಿನ ಪಕ್ಕದಲ್ಲೇ, ನಿಜವಾಗಿ ಮಿಷನ್ ನಡೆಸ್ತಿದ್ದರು. ವೀಬ್ ಇಡೋ ಪ್ರಶ್ನೆ ಸರಳ. ಸಮುದ್ರದಾಚೆಯ ಜನರ ಆತ್ಮದ ಬಗ್ಗೆ ಇಷ್ಟು ಕಾಳಜಿ ಇರೋ ಊರಿಗೆ, ಹೊಲದಾಚೆಯ ಮೇಟೀ ಮಕ್ಕಳನ್ನ ಒಂದೇ ಬೆಂಚಿನಲ್ಲಿ ಕೂರಿಸಿಕೊಳ್ಳೋಕೆ ಯಾಕೆ ಆಗಲ್ಲ? ಥಾಮ್ ಆ ಮಕ್ಕಳಿಗೆ ಬೈಬಲ್ ಹೇಳಿಕೊಡ್ತಾನೆ. ಅವರು ಕಥೆ ಕೇಳಿದರೆ ಊರಿಗೆ ತೊಂದರೆ ಇಲ್ಲ. ಕೇಳಿ ನಂಬಿ ನಾವೂ ಒಳಗೆ ಬರ್ತೀವಿ ಅಂದರೆ?

ಬ್ಲಾಕ್‌ನ ಮಗಳು ಎಲಿಜಬೆತ್. ಅಪ್ಪನ ಹೊಲದಲ್ಲಿ ಆಳಿನ ಹಾಗೆ ದುಡಿಯೋ ಹೆಂಗಸು. ಹಿಂದೆ ಒಬ್ಬ ಒಳ್ಳೆ ಹುಡುಗ ಕೇಳಿಕೊಂಡು ಬಂದಿದ್ದ. ಅವನ ಹುಟ್ಟು ಸರಿ ಇಲ್ಲ ಅಂತ ಅಪ್ಪ ಬೇಡ ಅಂದ. ಆಮೇಲೆ ಯಾರೂ ಬರಲಿಲ್ಲ. ಈಗ ಮನೆಯ ಮೇಟೀ ಆಳು ಲೂಯಿ ಮೂಸೊಮಿನ್‌ನಿಂದ ಅವಳು ಬಸುರಿ. ಸುಗ್ಗಿಯ ಹೊತ್ತು. ಹೊಟ್ಟೆ ಮುಚ್ಚಿಕೊಂಡು ಹೊಲದ ಕೆಲಸ ಮಾಡ್ತಾಳೆ. ಕುಸಿದು ಬೀಳೋವರೆಗೂ ಮಾಡ್ತಾಳೆ. ಮಗು ಉಳಿಯಲ್ಲ, ಅವಳೂ ಉಳಿಯಲ್ಲ. ಸಾಯೋ ಮುಂಚೆ ಒಂದು ಸಲ ಥಾಮ್‌ಗೆ, ನೀನಾದರೂ ಇಲ್ಲಿಂದ ಹೊರಟು ಹೋಗು ಅಂತ ಹೇಳಿರ್ತಾಳೆ. ಬ್ಲಾಕ್ ಸಾವಿನ ಕಾರಣ ಮುಚ್ಚಿಡ್ತಾನೆ. ಲೂಯಿಯನ್ನ ಊರು ಬಿಡಿಸ್ತಾನೆ. ಊರಲ್ಲಿ ಶಾಂತಿ.

ಇಲ್ಲಿ ಪುಸ್ತಕ ಮುಚ್ಚಿಟ್ಟು ಹೊರಗೆ ಹೋಗಿ ನಿಂತೆ. ನನ್ನ ದೊಡ್ಡಪ್ಪ ಒಬ್ಬರಿದ್ದರು. ನಮ್ಮೂರು ಪೊಲೀಸ್ ಸ್ಟೇಷನ್ ಮೆಟ್ಟಿಲು ಹತ್ತಿಲ್ಲ ಅಂತ ಹೆಮ್ಮೆಯಿಂದ ಹೇಳ್ತಿದ್ದರು, ಅದು ನಿಜವೂ ಹೌದು. ಯಾವ ಜಗಳ ಆದರೂ ನಮ್ಮ ಮನೆ ಜಗಲಿ ಮೇಲೆ ತೀರ್ಮಾನ ಆಗ್ತಿತ್ತು. ಬಡವರ ಮಕ್ಕಳ ಫೀಸು ಕಟ್ಟಿದ್ದಾರೆ, ನನ್ನ ಬಿಇ ಮೊದಲ ವರ್ಷದ್ದೂ ಸೇರಿ. ನಾನು ಏಳನೇ ಕ್ಲಾಸಿನಲ್ಲಿದ್ದಾಗ ನಮ್ಮ ಹೊಲಕ್ಕೆ ಬರ್ತಿದ್ದ ಒಂದು ಮನೆಯವರು ರಾತ್ರೋರಾತ್ರಿ ಊರು ಬಿಟ್ಟರು. ಆ ಮನೆಯ ಹುಡುಗ ನನ್ನ ಕ್ಲಾಸ್‌ಮೇಟ್. ಏನಾಯ್ತು ಅಂತ ಅಮ್ಮನನ್ನ ಕೇಳಿದ್ದಕ್ಕೆ "ನಿಂಗ್ಯಾಕೆ ಅದೆಲ್ಲಾ, ಓದ್ಕೋ ಹೋಗು" ಅಂದಳು. ಓದಿಕೊಂಡೆ. ದೊಡ್ಡಪ್ಪ ಈಗಿಲ್ಲ, ಕೇಳೋಕೆ ಅಮ್ಮ ಇದ್ದಾಳೆ. ಆ ರಾತ್ರಿ ವಿನಿಪೆಗ್‌ನಿಂದ ಫೋನ್ ಮಾಡಿ ಊಟ ಆಯ್ತಾ ಅಂತ ಕೇಳಿ ಇಟ್ಟೆ.

ಇಷ್ಟೆಲ್ಲಾ ಹೇಳಿದ್ದರಿಂದ ಇದೊಂದು ಪರಿಪೂರ್ಣ ಕಾದಂಬರಿ ಅಂದುಕೊಳ್ಳಬೇಡಿ. ದೋಷ ಬೇಕಾದಷ್ಟಿವೆ. ಇದು ಯೂನಿವರ್ಸಿಟಿಯಲ್ಲಿ ಎಂಎ ಪ್ರಬಂಧವಾಗಿ ಶುರುವಾದ ಪುಸ್ತಕ, ಆ ವಾಸನೆ ಅಲ್ಲಲ್ಲಿ ಹೊಡೆಯುತ್ತೆ. ಥಾಮ್, ಜೋಸೆಫ್ ಎದುರುಬದುರು ಕೂತರೆ ಸಾಕು, ಪುಟಗಟ್ಟಲೆ ಧರ್ಮಚರ್ಚೆ. ಇಪ್ಪತ್ತರ ಆಸುಪಾಸಿನ ರೈತರ ಹುಡುಗರು ಹೀಗೆ ಪ್ಯಾರಾ ಪ್ಯಾರಾ ಮಾತಾಡಲ್ಲ. ಹೊಲದಲ್ಲಿ ಇಷ್ಟು ಚೆನ್ನಾಗಿ ಸುಮ್ಮನಿರೋಕೆ ಬರೋ ಲೇಖಕರು ಮನೆಯೊಳಗೆ ಬಂದ ಕೂಡಲೇ ಭಾಷಣಕ್ಕೆ ನಿಂತುಬಿಡ್ತಾರೆ.

ಅದಕ್ಕಿಂತ ದೊಡ್ಡ ತಕರಾರು ಲೂಯಿ ಬಗ್ಗೆ. ಮೇಟೀ ಜನಕ್ಕೆ ಅನ್ಯಾಯ ಆಯ್ತು ಅಂತ ಹೇಳೋ ಪುಸ್ತಕದಲ್ಲಿ ಮೇಟೀ ಗಂಡಸೊಬ್ಬ ಮುಖ್ಯವಾಗಿ ಕಾಣಿಸಿಕೊಳ್ಳೋದು ಗೌಡನ ಮಗಳ ಬಸುರಿಗೆ ಕಾರಣವಾಗಿ. ಅವನ ಮನಸ್ಸಲ್ಲಿ ಏನಿತ್ತು, ಅವಳು ಅವನಿಗೆ ಏನಾಗಿದ್ದಳು, ಊರು ಬಿಡುವಾಗ ಏನು ಹೊತ್ತುಕೊಂಡು ಹೋದ, ಇದ್ಯಾವುದೂ ನಮಗೆ ಗೊತ್ತಾಗಲ್ಲ. ಲೇಖಕರೂ ಬ್ಲಾಕ್‌ನ ಬೇಲಿಯ ಒಳಗೇ ನಿಂತು ಆಚೆ ನೋಡ್ತಿದ್ದಾರೆ. ಎಲಿಜಬೆತ್ ಕಥೆಯೂ ಹೆಚ್ಚು ಕಡಿಮೆ ಅದೇ. ಅವಳ ದುಡಿಮೆ ಕಾಣುತ್ತೆ, ಸಾವು ಕಾಣುತ್ತೆ. ಅವಳ ಸಾವಿನಿಂದ ಅವಳಪ್ಪನಿಗೆ, ಥಾಮ್‌ಗೆ ಏನಾಯ್ತು ಅನ್ನೋದು ಪುಟಗಟ್ಟಲೆ ಇದೆ. ಅವಳಿಗೆ ಏನು ಬೇಕಿತ್ತು ಅನ್ನೋದಕ್ಕೆ ಜಾಗ ತೀರಾ ಕಡಿಮೆ. ಮೆನೊನೈಟ್ ಊರಿನ ಹೆಣ್ಣುಮಕ್ಕಳ ಮಾತು ಕೇಳೋಕೆ ಮಿರಿಯಮ್ ಟೇವ್ಸ್ ಬರೋವರೆಗೆ ಕಾಯಬೇಕಾಯ್ತು. ಅವರು ಅದೇ ಸ್ಟೈನ್‌ಬಾಕ್‌ನಲ್ಲಿ ಹುಟ್ಟಿ ಬೆಳೆದವರು. ಅವರ 2004ರ ಕಾದಂಬರಿ ‘ಎ ಕಾಂಪ್ಲಿಕೇಟೆಡ್ ಕೈಂಡ್ನೆಸ್’ ಅಂಥ ಊರನ್ನ ಒಬ್ಬ ಹುಡುಗಿಯ ಬಾಯಲ್ಲಿ ಹೇಳಿಸುತ್ತೆ, ನಗಿಸುತ್ತಾ ಹೇಳಿಸುತ್ತೆ. ವೀಬ್ ನಗೋದು ಅಪರೂಪ.

ಇನ್ನೊಂದು ವಿಷಯ ಇದೆ, ಅದು ಕಥೆಯ ಒಳಗೂ ಇದೆ, ಹೊರಗೂ ಆಯ್ತು. ಈ ಜನ ಮನೆಯಲ್ಲಿ ಆಡೋದು ಲೋ ಜರ್ಮನ್, ಚರ್ಚಿನಲ್ಲಿ ಹೈ ಜರ್ಮನ್, ಇಂಗ್ಲಿಷು ಸ್ಕೂಲಿಗೆ ಮತ್ತು ಸಂತೆಗೆ. ಜೋಸೆಫ್ ಒಂದು ಸಭೆಯಲ್ಲಿ, ಬೇರೆಯವರೂ ಬಂದಿದ್ದಾರೆ ಅಂತ, ದೇವರ ವಿಷಯವನ್ನ ಇಂಗ್ಲಿಷಿನಲ್ಲಿ ಮಾತಾಡಿಬಿಡ್ತಾನೆ. ಊರು ಬೀಳೋಕೆ ಬರುತ್ತೆ ಅವನ ಮೇಲೆ. ಭಾಷೆಯೇ ಬೇಲಿ. ದೇವರು ಎಲ್ಲರಿಗೂ ಅರ್ಥವಾಗೋ ಭಾಷೆಯಲ್ಲಿ ಬಂದುಬಿಟ್ಟರೆ ಯಾರನ್ನೂ ಹೊರಗಿಡೋಕೆ ನೆಪ ಉಳಿಯಲ್ಲ. ಈಗ ಹೊರಗೆ ಆಗಿದ್ದು ಕೇಳಿ. 1962ರಲ್ಲಿ ವೀಬ್ ವಿನಿಪೆಗ್‌ನಲ್ಲಿ ತಮ್ಮ ಚರ್ಚಿನ ಪತ್ರಿಕೆ ‘ಮೆನೊನೈಟ್ ಬ್ರದರನ್ ಹೆರಾಲ್ಡ್’ನ ಸಂಪಾದಕರು. ಕಾದಂಬರಿ ಬಂತು, ಚರ್ಚಿನ ಜನ ಸಿಟ್ಟಾದರು, ಮಾರನೇ ವರ್ಷ ಅವರು ಆ ಕೆಲಸ ಬಿಡಬೇಕಾಯ್ತು. ಅಮೆರಿಕದ ಇಂಡಿಯಾನಾಕ್ಕೆ ಮೇಷ್ಟ್ರಾಗಿ ಹೋದರು. ಕಾದಂಬರಿ ಇದ್ದಿದ್ದು ಇಂಗ್ಲಿಷಿನಲ್ಲಿ, ಟೊರಾಂಟೊದ ದೊಡ್ಡ ಪ್ರಕಾಶಕರಿಂದ. ಮನೆ ಮಾತು ಬೀದಿಗೆ ಬಂತು ಅನ್ನೋ ಸಿಟ್ಟು ಎಲ್ಲಾ ಊರುಗಳಲ್ಲೂ ಒಂದೇ ಥರ ಇರುತ್ತೆ ಅಂತ ಕಾಣುತ್ತೆ. ಜೋಸೆಫ್‌ಗೆ ಆಗಿದ್ದನ್ನ ಬರೆದ ಲೇಖಕನಿಗೂ ಅದೇ ಆಯ್ತು.

ಕಾದಂಬರಿ ಮುಗಿಯೋದು ಚಳಿಗಾಲದಲ್ಲಿ, ಸ್ಕೂಲಿನ ಕ್ರಿಸ್‌ಮಸ್ ಕಾರ್ಯಕ್ರಮದ ರಾತ್ರಿ. ಕುದುರೆ ಕಟ್ಟಿದ ಕೊಟ್ಟಿಗೆಯಲ್ಲಿ ಹೊಡೆದಾಟ ಆಗುತ್ತೆ. ಯಾರ ಮೇಲೂ ಕೈ ಎತ್ತಬಾರದು ಅಂತ ಬೆಳೆದ ಥಾಮ್ ಕೈ ಎತ್ತಿ ಹೊಡೀತಾನೆ. ಬ್ಲಾಕ್ ಅಳ್ತಾನೆ. ಕೆಲವು ವಿಮರ್ಶಕರಿಗೆ ಈ ಕೊನೆ ನಾಟಕೀಯ ಅನ್ನಿಸಿದೆ. ನನಗೂ ಕೊಟ್ಟಿಗೆ, ನಕ್ಷತ್ರ ಎಲ್ಲಾ ಸೇರಿ ಸ್ವಲ್ಪ ಜಾಸ್ತಿಯೇ ಆಯ್ತು. ಆದರೆ ಹೊಡೆದ ಮೇಲೆ ಥಾಮ್‌ನ ಕೈ ಹಾಗೇ ನೆನಪಲ್ಲಿ ಉಳಿಯುತ್ತೆ. ಮೊದಲ ಅಧ್ಯಾಯದಲ್ಲಿ ವಿಮಾನದ ಮೇಲೆ ಬಂದ ಸಿಟ್ಟು ವರ್ಷವಿಡೀ ಅವನ ಒಳಗೇ ಇತ್ತು, ಉಳುಮೆಯಲ್ಲೂ ಒಕ್ಕಣೆಯಲ್ಲೂ ಹೋಗಿರಲಿಲ್ಲ.

2006ರಲ್ಲಿ, ಎಪ್ಪತ್ತು ದಾಟಿದ ಮೇಲೆ, ವೀಬ್ ತಮ್ಮ ಬಾಲ್ಯದ ಬಗ್ಗೆ ‘ಆಫ್ ದಿಸ್ ಅರ್ತ್’ ಅನ್ನೋ ಪುಸ್ತಕ ಬರೆದರು. ಅದನ್ನ ಬೆಂಗಳೂರಿಗೆ ವಾಪಸ್ ಬಂದ ಮೇಲೆ ತರಿಸಿಕೊಂಡು ಓದಿದೆ. ಅದೇ ಕಾಡಿನಂಚು, ಅದೇ ಕಲ್ಲಿನ ಹೊಲ, ಆದರೆ ಡೀಕನ್ ಬ್ಲಾಕ್ ಇಲ್ಲ. ಅಮ್ಮ ಇದ್ದಾಳೆ, ಹಾಡಿದೆ, ಚಿಕ್ಕ ವಯಸ್ಸಿಗೇ ತೀರಿಕೊಂಡ ಅಕ್ಕ ಹೆಲೆನ್ ಇದ್ದಾಳೆ. ಬಹುಮಾನವೂ ಬಂತು. ಎಷ್ಟೋ ಜನಕ್ಕೆ ಈ ಎರಡನೇ ಪುಸ್ತಕವೇ ಇಷ್ಟ, ಅದರಲ್ಲಿ ಊರಿನ ಮೇಲೆ ಪ್ರೀತಿ ಇದೆ ಅಂತಾರೆ. ಇದೆ, ಒಪ್ಪುತ್ತೇನೆ. ಬರವಣಿಗೆಯೂ ಹೆಚ್ಚು ಮಾಗಿದೆ. ಆದರೂ ಒಂದನ್ನೇ ಇಟ್ಟುಕೋ ಅಂದರೆ ನಾನು ಇಟ್ಟುಕೊಳ್ಳೋದು ಇಪ್ಪತ್ತೆಂಟರ ಹುಡುಗ ಸಿಟ್ಟಲ್ಲಿ ಬರೆದ ಆ ಒರಟು ಕಾದಂಬರಿಯನ್ನೇ. ಅದನ್ನ ಬರೆಯುವಾಗ ಅವರಿಗೆ ಕಳಕೊಳ್ಳೋಕೆ ಕೆಲಸ ಇತ್ತು, ಚರ್ಚಿತ್ತು, ಭಾನುವಾರ ಎದುರಿಗೆ ಸಿಗೋ ನೆಂಟರಿದ್ದರು. ಎಲ್ಲರೂ ಹೋದ ಮೇಲೆ ಊರನ್ನ ಪ್ರೀತಿಸೋದು ನಮಗೂ ಬರುತ್ತೆ.

ವೀಬ್ ಕುಟುಂಬ 1947ರಲ್ಲಿ ಸ್ಪೀಡ್‌ವೆಲ್ ಬಿಟ್ಟು ದಕ್ಷಿಣದ ಆಲ್ಬರ್ಟಾದ ಕೋಲ್‌ಡೇಲ್‌ಗೆ ಹೋಯ್ತು. ಒಬ್ಬೊಬ್ಬರಾಗಿ ಉಳಿದ ಮೆನೊನೈಟ್ ಮನೆಗಳೂ ಹೊರಟವು. ಮರ ಕಡಿದು, ಬೇರು ಕಿತ್ತು, ಕಲ್ಲು ಆಯ್ದು ಮಾಡಿದ ಹೊಲಗಳನ್ನ ಬಿಟ್ಟು ಹೋದರು. ಅವರನ್ನ ಯಾವ ಡೀಕನ್ನೂ ಓಡಿಸಲಿಲ್ಲ. ಆ ನೆಲ ಅನ್ನ ಕೊಡೋದು ಕಷ್ಟ ಅಂತ ಗೊತ್ತಾಗಿತ್ತು, ಮಕ್ಕಳಿಗೆ ಹೈಸ್ಕೂಲು ಬೇಕಿತ್ತು.